ಮೀನಿನ ಹೊಟ್ಟೆಯ ಹರಕೆ

ಟೆರಿಯೊ ಮುನಿಸಿಕೊಂಡದ್ದು ಗುರುವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ, ಒಂದು ಮೀನಿನ ಹೊಟ್ಟೆಯ ಕಾರಣಕ್ಕೆ. ಮುಂದೆ ಊರಿಗೆ ಊರೇ ಅದಕ್ಕೆ ಬೇರೆ ಕಾರಣ ಕಟ್ಟಿತು, ಪಾದ್ರಿಗಳು ಇಗರ್ಜಿಯಲ್ಲಿ ನಿಂತು ಅದನ್ನು ಕೊಂಡಾಡಿದರು. ಯಾರು ಏನೇ ಅನ್ನಲಿ, ಮೂಲದಲ್ಲಿ ಇದ್ದದ್ದು ಮೀನಿನ ಹೊಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಂಗುಸ್ ಮೀನು ಅಂದರೆ ಮೈಯೆಲ್ಲ ಮುಳ್ಳು. ಜೀವ ಕೈಯಲ್ಲಿ ಹಿಡಿದುಕೊಂಡು ತಿನ್ನಬೇಕು. ಆದರೆ ಅದರ ಹೊಟ್ಟೆಯ ಭಾಗ ಉಂಟಲ್ಲ, ಅದು ಬೆಣ್ಣೆ. ಹುರಿದರೆ ಅಂಚು ಗರಿಗರಿ, ನಡುವೆ ಬಾಯಲ್ಲಿಟ್ಟರೆ ಕರಗುತ್ತದೆ. ಮನಿಲಾದಿಂದ ದಕ್ಷಿಣಕ್ಕೆ, ಬಟಾಂಗಸ್ ಸೀಮೆಯ ಆ ಪುಟ್ಟ ಊರಿನಲ್ಲಿ ಕ್ಷೌರದಂಗಡಿ ಇಟ್ಟಿದ್ದ ಎಲ್ಯುಟೆರಿಯೊ ಮಕಟಾಂಗೈ, ಊರ ಬಾಯಲ್ಲಿ ಬರೀ ಟೆರಿಯೊ, ಅವನ ಮನೆಯಲ್ಲಿ, ಮದುವೆಯಾದ ಲಾಗಾಯ್ತು ಇಪ್ಪತ್ತೇಳು ವರ್ಷ, ಆ ಭಾಗ ಬೀಳುತ್ತಿದ್ದದ್ದು ಟೆರಿಯೊನ ತಟ್ಟೆಗೇ. ಯಾರೂ ಕಾನೂನು ಮಾಡಿರಲಿಲ್ಲ. ಹೆಂಡತಿ ಕೊನ್ಸಿಂಗ್ ಕೇಳದೆ ಬಡಿಸುತ್ತಿದ್ದಳು, ಇವನು ಮಾತಾಡದೆ ತಿನ್ನುತ್ತಿದ್ದ. ಸಂಸಾರ ಅಂದರೆ ಮತ್ತೇನು.

ಆ ಗುರುವಾರ ಇಬ್ಬರೂ ಊಟಕ್ಕೆ ಕೂತಿರುವಾಗ ಬಾಗಿಲಲ್ಲಿ ಊರಿನ ಮುಖ್ಯಸ್ಥ ಕಪಿತಾನ್ ಇಸ್ಕೊ ಕಾಣಿಸಿಕೊಂಡ. ಭಾನುವಾರ ಊರದೇವರು ಸಂತ ರೋಕೆಯ ಹಬ್ಬ, ಜನ ಕೂರಲು ಕ್ಷೌರದಂಗಡಿಯ ಬೆಂಚು ಬೇಕಿತ್ತು. ಉಣ್ಣುವ ಹೊತ್ತಿಗೆ ಬಂದವರನ್ನು "ಬನ್ನಿ, ಊಟ ಮಾಡೋಣ" ಅನ್ನಬೇಕು. ಬಂದವರು, ಹೊಟ್ಟೆ ಬೆನ್ನಿಗೆ ಹತ್ತಿದ್ದರೂ, "ಈಗಷ್ಟೇ ಆಯ್ತು" ಅನ್ನಬೇಕು. ಇದು ಆ ದೇಶದಲ್ಲಿ ಕೂಸಿಗೂ ಗೊತ್ತು. ಕೊನ್ಸಿಂಗ್ ಅನ್ನಬೇಕಾದದ್ದನ್ನು ಅಂದಳು. ಇಸ್ಕೊ ಪಾಪ ಬೆಳಗಿನಿಂದ ಬೆಂಚು ಕೇಳುತ್ತ ಹದಿನಾಲ್ಕು ಮನೆ ಸುತ್ತಿದ್ದ, ಹದಿನಾಲ್ಕರಲ್ಲೂ "ಈಗಷ್ಟೇ ಆಯ್ತು" ಅಂದು ಅಂದು ಅವನ ಗಂಟಲೇ ಒಣಗಿತ್ತು. ಹದಿನೈದನೆಯ ಮನೆಯಲ್ಲಿ ಅವನಿಗೆ ಆ ಮಾತು ಬಾಯಿಗೆ ಬರಲಿಲ್ಲ. ಕುರ್ಚಿ ಎಳೆದು ಕೂತುಬಿಟ್ಟ.

ಕೊನ್ಸಿಂಗ್ ಒಂದು ಕ್ಷಣವೂ ಯೋಚಿಸದೆ ಮೀನಿನ ಹೊಟ್ಟೆಯನ್ನು ಎತ್ತಿ ಇಸ್ಕೊನ ತಟ್ಟೆಗೆ ಹಾಕಿದಳು. ಟೆರಿಯೊನ ತಟ್ಟೆಗೆ ಬಾಲ ಬಂತು.

ಅತಿಥಿಗೆ ಒಳ್ಳೆಯದನ್ನು ಬಡಿಸಬೇಕು, ಅದರಲ್ಲಿ ತಪ್ಪು ಹುಡುಕುವವನು ಮನುಷ್ಯನೇ ಅಲ್ಲ. ಟೆರಿಯೊನೂ ಹುಡುಕುತ್ತಿರಲಿಲ್ಲ. ಆದರೆ ಈ ಇಸ್ಕೊ ಇಪ್ಪತ್ತೆಂಟು ವರ್ಷದ ಹಿಂದೆ ಗಿಟಾರು ಹಿಡಿದುಕೊಂಡು ಕೊನ್ಸಿಂಗಳ ಕಿಟಕಿಯ ಕೆಳಗೆ ನಿಂತು ಹಾಡಿದವನು. ಅವಳಪ್ಪ ಮೇಲಿಂದ ಒಂದು ಬಿಂದಿಗೆ ನೀರು ಸುರಿದ ಮೇಲೂ ಒಂದು ಚರಣ ಹೆಚ್ಚಿಗೆ ಹಾಡಿದವನು. ಅಂಥವನು ಈಗ ಕಣ್ಣು ಮುಚ್ಚಿಕೊಂಡು ಆ ಹೊಟ್ಟೆಯನ್ನು ಚಪ್ಪರಿಸುವುದನ್ನು ಟೆರಿಯೊ ಬಾಲದ ಮುಳ್ಳು ಬಿಡಿಸುತ್ತ ನೋಡಿದ. ಅಲ್ಲಿಂದ ಶುರು.

ಮುನಿಸು ಬೇರೆ, ಜಗಳ ಬೇರೆ. ಜಗಳ ಯಾರು ಬೇಕಾದರೂ ಆಡಬಹುದು, ಮುನಿಸಿಗೆ ಶಿಸ್ತು ಬೇಕು. ಮುನಿಸಿಕೊಂಡವರು ಕಾರಣ ಹೇಳಕೂಡದು. ಯಾರಾದರೂ ಏನಾಯ್ತು ಅಂದರೆ "ಏನಿಲ್ಲ" ಅನ್ನಬೇಕು. ಪ್ರೀತಿಯಿದ್ದವರು ತಾವೇ ಊಹಿಸಿ, ಹತ್ತಿರ ಬಂದು ರಮಿಸಬೇಕು. ಮೊದಲ ಸಲ ಕರೆದರೆ ಒಲ್ಲೆ, ಎರಡನೆಯ ಸಲವೂ ಒಲ್ಲೆ, ಮೂರನೆಯ ಸಲಕ್ಕೆ ಕರಗಬೇಕು. ಮೊದಲಿಗೇ ಕರಗಿದರೆ ಬೆಲೆಯಿಲ್ಲ, ನಾಲ್ಕಕ್ಕೂ ಕರಗದಿದ್ದರೆ ಅದು ಕೊಬ್ಬು. ಈ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಆ ಸೀಮೆಯಲ್ಲೇ ಇಲ್ಲ ಎಂದು ಟೆರಿಯೊನಿಗೆ ಬಲವಾದ ನಂಬಿಕೆ.

ಸಂಜೆ ಅವನು ಬಾಲಯೇಸುವಿನ ಮೂರ್ತಿಯಿದ್ದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಭಕ್ತಿಗಲ್ಲ. ಅಡುಗೆಮನೆಯಿಂದ ನೋಡಿದರೆ ಅವನ ನೊಂದ ಮುಖ ಚೆನ್ನಾಗಿ ಕಾಣುವ ಜಾಗ ಅದೊಂದೇ. ಕೊನ್ಸಿಂಗ್ ಊಟಕ್ಕೆ ಕರೆದಳು. ಹಸಿವಿಲ್ಲ ಅಂದ. ಸಾರಾದರೂ ಕುಡಿ ಅಂದಳು. ಬೇಡ ಅಂದ. ಇನ್ನೊಂದೇ ಒಂದು ಸಲ ಬಾಕಿ. ಅವಳು ಸೌಟು ಕೆಳಗಿಟ್ಟು ಇವನ ಕಡೆ ತಿರುಗಿದ್ದನ್ನು ಓರೆಗಣ್ಣಿನಲ್ಲಿ ನೋಡಿ, ಟೆರಿಯೊ ಏಳಲು ಅನುಕೂಲವಾಗಲೆಂದು ಒಂದು ಕಾಲನ್ನು ಆಗಲೇ ಮುಂದಿಟ್ಟಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಬೆಬಾಂಗ್ ಒಳಗೆ ಬಂದಳು, ಕೈಯಲ್ಲಿ ತೆಂಗಿನಹಾಲಿನ ಪಾಯಸದ ಬಟ್ಟಲು.

ಬೆಬಾಂಗಳ ಮಗಳು ನಿಂಗ್ನಿಂಗಳಿಗೆ ಟೆರಿಯೊ ಜ್ಞಾನತಂದೆ. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವನು. ಆ ಲೆಕ್ಕದಲ್ಲಿ ಅವಳು ಇವನಿಗೆ ಕುಮಾರೆ, ಇವನು ಅವಳಿಗೆ ಕುಂಪಾರೆ, ರಕ್ತಸಂಬಂಧಕ್ಕಿಂತ ಒಂದು ಕೈ ಹೆಚ್ಚು. ಆ ಹುಡುಗಿ ನರ್ಸ್ ಪರೀಕ್ಷೆ ಬರೆದು ಕೂತಿದ್ದಳು, ಫಲಿತಾಂಶ ಇವತ್ತೋ ನಾಳೆಯೋ ಪೇಪರಿನಲ್ಲಿ ಬರಬೇಕು.

ಇಲ್ಲಿ ಒಂದು ಚಿಕ್ಕ ಸಂಗತಿ ಹೇಳಬೇಕು, ಟೆರಿಯೊನ ಲೆಕ್ಕದಲ್ಲಿ ಅದು ಸಂಗತಿಯೇ ಅಲ್ಲ. ಎರಡು ದಿನದ ಹಿಂದೆ, ಮಂಗಳವಾರ, ಅವನು ಮನಿಲಾದಲ್ಲಿರುವ ಅಣ್ಣನ ಮನೆಯಿಂದ ಬಂದಿದ್ದ. ಪರವೂರಿಂದ ಬಂದವರು ಬರಿಗೈಯಲ್ಲಿ ಬರುವಂತಿಲ್ಲ, ಚೀಲದಲ್ಲಿ ಎಲ್ಲರಿಗೂ ಒಂದೊಂದು ತಂದಿದ್ದ. ಬೆಬಾಂಗ್ ಬಾಗಿಲಲ್ಲೇ ನಿಂತು "ಎಲ್ಲಿ ಕುಂಪಾರೆ, ನನ್ನ ಪಾಲು?" ಅಂದಳು. ಹಾಗೆ ಎಲ್ಲರೂ ಕೇಳುತ್ತಾರೆ, ನಕ್ಕು ಮರೆತೆ ಅಂದರೆ ಮುಗಿಯಿತು. ಆದರೆ ಟೆರಿಯೊ ಅವಳೊಬ್ಬಳನ್ನು ನಿಜವಾಗಿಯೂ ಮರೆತಿದ್ದ. ದಾಕ್ಷಿಣ್ಯಕ್ಕೆ ಮುಖ ಕೆಂಪಾಯಿತು, ಕೈ ಚೀಲದೊಳಗಿತ್ತು, ಆ ಕೈಗೆ ಸಿಕ್ಕಿದ್ದು ಮಣಿ ಹೊಲಿದ ಕೆಂಪು ಮಕಮಲ್ಲಿನ ಚಪ್ಪಲಿ. "ಇಗೋ, ನಿನಗೇ ತಂದದ್ದು" ಅಂದುಬಿಟ್ಟ. ಆಮೇಲೆ ಕೊನ್ಸಿಂಗಳಿಗೆ, ನಿನಗೆ ಮುಂದಿನ ಸಲ ತರುತ್ತೇನೆ ಅಂದ. ಕೊನ್ಸಿಂಗ್ "ಏನಿಲ್ಲ, ಬಿಡು" ಅಂದಳು. ಟೆರಿಯೊ ಬಿಟ್ಟ.

ಈಗ ಬೆಬಾಂಗ್ ಬಟ್ಟಲು ಮುಂದೆ ಹಿಡಿದಳು. ಟೆರಿಯೊ ಕೈ ಅಡ್ಡ ಮಾಡಿದ. ಹೆಂಡತಿ ರಮಿಸಬೇಕಾದ ಹೊತ್ತಿನಲ್ಲಿ ಪಕ್ಕದ ಮನೆಯವರ ಪಾಯಸ ಕುಡಿದರೆ ಮುನಿಸಿನ ಮರ್ಯಾದೆ ಏನಾಗಬೇಕು? ಬೆಬಾಂಗ್ ಅವನನ್ನು ನೋಡಿದಳು, ಮೇಲಿದ್ದ ಬಾಲಯೇಸುವನ್ನು ನೋಡಿದಳು, ಮೇಜಿನ ಮೇಲೆ ಆರುತ್ತಿದ್ದ ಅನ್ನವನ್ನು ನೋಡಿದಳು.

"ಕುಂಪಾರೆ, ಮಂಗಳವಾರ ನಾನು ನಿಂಗ್ನಿಂಗ್‌ಗೋಸ್ಕರ ಬೇಡ್ಕೋ ಅಂದಿದ್ದೆ. ನೀನು ಕೈಲಾದಷ್ಟು ಮಾಡ್ತೀನಿ ಅಂದೆ. ಇದೇನಾ ಅದು?"

"ಏನಿಲ್ಲ" ಅಂದ ಟೆರಿಯೊ. ಮುನಿಸಿನ ನಿಯಮ ಅದು.

"ನನ್ನ ಮಗಳಿಗಾಗಿ ಉಪವಾಸ ಹರಕೆ ಹೊತ್ತಿದ್ದೀಯ. ಹೊತ್ತು, ಹೇಳ್ಕೊಳ್ದೆ ಕೂತಿದ್ದೀಯ."

ಬೆಬಾಂಗ್ ಅಲ್ಲೇ ಕಣ್ಣೀರು ಹಾಕಿದಳು. ಟೆರಿಯೊ ಅಲ್ಲ ಅನ್ನಲು ಬಾಯಿ ತೆರೆದ. ಅಲ್ಲ ಅಂದರೆ ಮತ್ತೇನು ಅಂತ ಕೇಳುತ್ತಾಳೆ. ಐವತ್ತಾರು ವರ್ಷದ ಗಂಡಸು, ಊರಿನ ಅರ್ಧ ಗಡ್ಡಗಳ ಯಜಮಾನ, ಮೀನಿನ ಹೊಟ್ಟೆ ಸಿಗಲಿಲ್ಲ ಅಂತ ಮೂಲೆ ಹಿಡಿದು ಕೂತಿದ್ದಾನೆ ಅಂತ ಬೆಬಾಂಗಳಿಗೆ ಹೇಳುವುದೂ ಒಂದೇ, ಇಗರ್ಜಿಯ ಗಂಟೆ ಹೊಡೆಯುವುದೂ ಒಂದೇ. ತೆರೆದ ಬಾಯಿ ಮುಚ್ಚಿಕೊಂಡ. ಅಡುಗೆಮನೆಯಲ್ಲಿ ಕೊನ್ಸಿಂಗ್ ಸೌಟನ್ನು ಮತ್ತೆ ಕೈಗೆತ್ತಿಕೊಂಡು, ತನಗೆ ಅಂತ ಅನ್ನ ಬಡಿಸಿಕೊಂಡಳು. ಮೂರನೆಯ ಕರೆ ಬರಲೇ ಇಲ್ಲ.

ಶುಕ್ರವಾರ ಬೆಳಗಾಗುವಷ್ಟರಲ್ಲಿ ಸುದ್ದಿ ಊರೆಲ್ಲ ತುಂಬಿತ್ತು. ಹಸಿವು ತಡೆಯದೆ ಟೆರಿಯೊ ಬೆಳ್ಳಂಬೆಳಗ್ಗೆ ಮೂಲೆಯಂಗಡಿಗೆ ಬನ್ನು ತರಲು ಹೋದ. ಅಂಗಡಿಯ ಮುದುಕಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಸೈತಾನ ನಿನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಮಗನೇ, ಆ ಪಾಪಕ್ಕೆ ನಾನು ಕೈ ಹಾಕಲ್ಲ ಅಂದು ಬನ್ನಿನ ಡಬ್ಬಿಗೆ ಮುಚ್ಚಳ ಬಿಗಿದಳು. ಅಷ್ಟೇ ಅಲ್ಲ, ಉಳಿದ ಮೂರು ಅಂಗಡಿಗಳಿಗೂ ಹೇಳಿ ಕಳಿಸಿದಳು.

ಹತ್ತು ಗಂಟೆಗೆ ಫಾದರ್ ಅನ್ಸೆಲ್ಮೊ ಬಂದರು. ಪ್ರಾಯದ ಪಾದ್ರಿ, ಈ ಊರಿನ ಗಂಡಸರು ಇಗರ್ಜಿಯ ಹೊರಗೆ ನಿಂತು ಸಿಗರೇಟು ಸೇದುವುದನ್ನು ಕಂಡು ಬೇಸತ್ತವರು. ಕೊನೆಗೂ ಒಬ್ಬ ಸಿಕ್ಕಿದ ಅಂತ ಅವರಿಗೆ ಕುಣಿಯುವಷ್ಟು ಖುಷಿ. ಭಾನುವಾರದ ಮೆರವಣಿಗೆ ಮುಗಿಯುವ ತನಕ ಹರಕೆ ನಡೆಯಲಿ, ಆದರೆ ಪ್ರಾಣಕ್ಕೆ ಅಪಾಯ ಬೇಡ, ದಿನಕ್ಕೆರಡು ಬೇಯಿಸಿದ ಬಾಳೆಹಣ್ಣು ಮತ್ತು ನೀರು ಕೊಡಬಹುದು ಎಂದು ಅಪ್ಪಣೆ ಮಾಡಿದರು. ಹೋಗುವಾಗ ಕೊನ್ಸಿಂಗಳಿಗೆ ಹೇಳಿದರು: ಪ್ರೀತಿಯಿಂದಾದರೂ ಸರಿ, ಹರಕೆ ಹೊತ್ತವನನ್ನು ಊಟಕ್ಕೆ ಕರೆಯಬೇಡಮ್ಮ, ಅದು ಪಾಪ.

"ಇಲ್ಲ ಫಾದರ್," ಅಂದಳು ಕೊನ್ಸಿಂಗ್. "ನೀವು ಹೇಳಿದ್ಮೇಲೆ ಕರೀತೀನಾ?"

ಆಮೇಲೆ ಅವಳು ಬೆಳ್ಳುಳ್ಳಿ ಒಗ್ಗರಣೆ ಹಾಕಿ ಅನ್ನ ಹುರಿದಳು. ಮಧ್ಯಾಹ್ನ ಹುಣಸೆಹುಳಿಯ ಹಂದಿಸಾರು ಮಾಡಿದಳು. ಸಂಜೆ ವಿನೆಗರಿನಲ್ಲಿ ಕೋಳಿ ಬೇಯಿಸಿದಳು. ಇಪ್ಪತ್ತೇಳು ವರ್ಷದಲ್ಲಿ ಅವಳ ಅಡುಗೆ ಇಷ್ಟು ಘಮಘಮಿಸಿದ್ದು ಟೆರಿಯೊನಿಗೆ ನೆನಪಿಲ್ಲ. ಅವಳು ಮುಖದಲ್ಲಿ ಏನೂ ತೋರಿಸದೆ ಒಬ್ಬಳೇ ಕೂತು ಉಂಡಳು, ಇವನ ಮುಂದೆ ಬಾಳೆಹಣ್ಣಿನ ತಟ್ಟೆ ಇಟ್ಟಳು. ಟೆರಿಯೊನಿಗೆ ಈಗ ಅನ್ನದ ಚಿಂತೆಗಿಂತ ದೊಡ್ಡ ಚಿಂತೆ ಹತ್ತಿಕೊಂಡಿತು. ಅನ್ನ ಭಾನುವಾರವಾದರೂ ಸಿಗುತ್ತದೆ. ಕೊನ್ಸಿಂಗ್ ಆ ಮೂರನೆಯ ಸಲ ಕರೆಯದೇ ಹೋದರೆ? ಮದುವೆಯಾದ ಮೇಲೆ ಇದೇ ಮೊದಲ ಸಲ ಅವಳು ಲೆಕ್ಕವನ್ನು ಎರಡಕ್ಕೆ ನಿಲ್ಲಿಸಿದ್ದಳು. ಅವಳಿಗೆ ತಾನು ಬೇಡವಾದೆನೇ?

ಹರಕೆ ಮುರಿಯುವ ಹಾಗೂ ಇಲ್ಲ. ಇವನು ಒಂದು ತುತ್ತು ಕದ್ದು ತಿಂದು, ಅತ್ತ ನಿಂಗ್ನಿಂಗ್ ಫೇಲಾದರೆ, ಊರು ಬಿಡಬೇಕಾಗುತ್ತದೆ. ಬೆಬಾಂಗ್ ಅಂತೂ ದಿನಕ್ಕೆ ನಾಲ್ಕು ಸಲ ಬಂದು, ಈ ಋಣವನ್ನು ನನ್ನ ಮೊಮ್ಮಕ್ಕಳೂ ತೀರಿಸಲಾರರು ಅಂದು ಹೋಗುತ್ತಿದ್ದಳು. ಬರುವಾಗ ಕುಂಟುತ್ತಿದ್ದಳು, ಹೋಗುವಾಗಲೂ ಕುಂಟುತ್ತಿದ್ದಳು. ಕಾಲಲ್ಲಿ ಕೆಂಪು ಚಪ್ಪಲಿ, ಅದರ ಹಿಂದಕ್ಕೆ ಎರಡು ಬೆರಳಿನಷ್ಟು ಹಿಮ್ಮಡಿ. ಕೊಟ್ಟವರ ಕಣ್ಣೆದುರು ಹಾಕಿಕೊಳ್ಳದಿದ್ದರೆ ಅವಮಾನ ಮಾಡಿದಂತೆ ಅಂತ ಅವಳು ಹಲ್ಲು ಕಚ್ಚಿಕೊಂಡು ಹಾಕಿಕೊಳ್ಳುತ್ತಿದ್ದಳು. ಪಾಪ, ಕುಮಾರೆಗೆ ವಾತವಿರಬೇಕು ಅಂದುಕೊಂಡ ಟೆರಿಯೊ. ಅವಳು ಬಂದುಹೋದಾಗಲೆಲ್ಲ ಕೊನ್ಸಿಂಗ್ ಅಡುಗೆಗೆ ಇನ್ನಷ್ಟು ಬೆಳ್ಳುಳ್ಳಿ ಹಾಕುತ್ತಿದ್ದಳು.

ಶನಿವಾರ ಕಪಿತಾನ್ ಇಸ್ಕೊ ಹಬ್ಬದ ಕ್ಷೌರಕ್ಕೆ ಬಂದು ಕೂತ. ಟೆರಿಯೊ ಸೋಪು ಹಚ್ಚಿ ಕತ್ತಿ ಹಿಡಿದ. ನಿನ್ನ ಕೈ ನಡುಗುತ್ತಿದೆಯಲ್ಲ ಅಂದ ಇಸ್ಕೊ. ಭಕ್ತಿ ಅಂದ ಟೆರಿಯೊ. ಇಸ್ಕೊನಿಗೆ ಹೃದಯ ತುಂಬಿ ಬಂತು. ನಾಳೆ ಮೆರವಣಿಗೆಯಲ್ಲಿ ಸಂತನ ಪಲ್ಲಕ್ಕಿಯ ಹಿಂದೆ ಮೊದಲ ಜಾಗ ನಿನ್ನದೇ ಅಂದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮಾತಿಗೆ ಮಾತು ಬಂದು, "ಮೊನ್ನೆ ನಿಮ್ಮನೇಲಿ ತಿಂದ ಮೀನಿನ ಹೊಟ್ಟೆ ಇನ್ನೂ ನಾಲಿಗೆ ಮೇಲಿದೆ ಮಾರಾಯ" ಅಂದ. ಇಸ್ಕೊ ಹೊರಗೆ ಬಂದಾಗ ಗಲ್ಲದ ಮೇಲೆ ಮೂರು ಕಡೆ ಹತ್ತಿ ಅಂಟಿತ್ತು, ಮೀಸೆಯ ಎಡಭಾಗ ಬಲಭಾಗಕ್ಕಿಂತ ಸಣ್ಣದಾಗಿತ್ತು. ಹರಕೆಯವನ ಕೈಯ ಗಾಯ ಅಂತ ಅವನು ಅದನ್ನು ಹೆಮ್ಮೆಯಿಂದಲೇ ತೋರಿಸಿಕೊಂಡು ತಿರುಗಿದ.

ಭಾನುವಾರ ಬೆಳಗಿನ ಜೀಪ್ನಿ ಗಾಡಿ ಪಟ್ಟಣದಿಂದ ಪೇಪರು ತಂದಿತು. ಕಪಿತಾನ್ ಧ್ವನಿವರ್ಧಕದ ಮುಂದೆ ನಿಂತು ಪಾಸಾದವರ ಪಟ್ಟಿಯನ್ನು ಮೊದಲಿಂದ ಓದತೊಡಗಿದ. ಯಾವ ಊರಿನ ಯಾರೋ ಹುಡುಗಿಯರ ಹೆಸರನ್ನೆಲ್ಲ ಊರು ಉಸಿರು ಹಿಡಿದು ಕೇಳಿತು. ಬೆಬಾಂಗಳ ಮಗಳ ಹೆಸರು ಬಂತು. ಅದನ್ನು ಇಸ್ಕೊ ಮೂರು ಸಲ ಓದಿದ. ಬೆಬಾಂಗ್ ಓಡಿ ಬಂದು ಟೆರಿಯೊನ ಕೈ ಹಿಡಿದು, ಅವನು ತನಗಿಂತ ಎರಡು ವರ್ಷಕ್ಕೆ ಕಿರಿಯ ಅನ್ನುವುದನ್ನೂ ಮರೆತು, ಹಿರಿಯರ ಕೈಯನ್ನು ಒತ್ತಿಕೊಳ್ಳುವಂತೆ ಹಣೆಗೆ ಒತ್ತಿಕೊಂಡಳು. ಅವಳೂ ಒಂದು ಹರಕೆ ಹೊತ್ತಿದ್ದಳಂತೆ: ಮಗಳು ಪಾಸಾದರೆ ಸಂತನ ಹಿಂದೆ ಬರಿಗಾಲಲ್ಲಿ ನಡೆಯುತ್ತೇನೆ ಅಂತ. ಇಷ್ಟು ಸಂತೋಷದಿಂದ ಯಾರೂ ಚಪ್ಪಲಿ ಬಿಟ್ಟದ್ದಿಲ್ಲ. ಬಿಟ್ಟವಳು ಅದನ್ನು ಪಕ್ಕದಲ್ಲಿದ್ದ ಕೊನ್ಸಿಂಗಳ ಕೈಗೆ ಕೊಟ್ಟಳು, ಸ್ವಲ್ಪ ಹಿಡ್ಕೋ ಅಂತ.

ಮೆರವಣಿಗೆ ಹೊರಟಿತು. ಸಂತ ರೋಕೆಯ ಕಾಲ ಬಳಿ ಒಂದು ನಾಯಿಯ ಮೂರ್ತಿಯುಂಟು, ಸಂತನಿಗೆಂದು ಬಾಯಲ್ಲಿ ರೊಟ್ಟಿ ಕಚ್ಚಿಕೊಂಡು ನಿಂತಿರುತ್ತದೆ. ಮರದ ರೊಟ್ಟಿ, ಮೇಲೆ ಕಂದು ಬಣ್ಣ. ಟೆರಿಯೊ ಪಲ್ಲಕ್ಕಿಯ ಹಿಂದೆ ನಡೆಯುತ್ತ ಆ ರೊಟ್ಟಿಯಿಂದ ಕಣ್ಣು ಕೀಳಲಿಲ್ಲ. ನೋಡಿದ ಹೆಂಗಸರು, ಎಂಥ ಏಕಾಗ್ರತೆ ಅಂತ ಮಾತಾಡಿಕೊಂಡರು. ಒಂದು ತಿರುವಿನಲ್ಲಿ ನಾಯಿ ಬಾಯಿ ತೆರೆದು ರೊಟ್ಟಿಯನ್ನು ತನ್ನ ಕಡೆ ಚಾಚಿದ ಹಾಗೆ ಕಂಡಿತು. ತಲೆ ಸುತ್ತು ಬಂತು ಅಂತ ಅವನು ಕಣ್ಣನ್ನು ನೆಲಕ್ಕೆ ಇಳಿಸಿದ.

ನೆಲದಲ್ಲಿ ಆಗಸ್ಟಿನ ಕೆಸರು. ಪಕ್ಕದಲ್ಲಿ ನಡೆಯುತ್ತಿದ್ದ ಕೊನ್ಸಿಂಗಳ ಹಳೇ ರಬ್ಬರ್ ಚಪ್ಪಲಿಯ ಬಾರು ಕೆಸರಿಗೆ ಸಿಕ್ಕಿ ಆಗಷ್ಟೇ ಕಿತ್ತುಬಂದಿತ್ತು. ಅವಳು ಅದನ್ನು ಪಕ್ಕಕ್ಕೆ ಎಸೆದು, ಬೇರೆ ದಾರಿ ಕಾಣದೆ ಕೈಯಲ್ಲಿದ್ದ ಕೆಂಪು ಚಪ್ಪಲಿಗೆ ಕಾಲು ತೂರಿಸಿದಳು.

ಹಿಮ್ಮಡಿ ಹೊರಗೆ ಬರಲಿಲ್ಲ, ಬೆರಳು ಮಡಚಲಿಲ್ಲ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕೂರದೆ ಏನು? ಅಳತೆ ಕೊಟ್ಟವನು ಟೆರಿಯೊನೇ. ಮನಿಲಾಕ್ಕೆ ಹೊರಡುವ ಮುಂಚಿನ ಮಧ್ಯಾಹ್ನ ಅವಳು ಚಾಪೆಯ ಮೇಲೆ ಮಲಗಿದ್ದಾಗ, ಮೆಲ್ಲಗೆ ಅಂಗಾಲಿಗೆ ದಾರ ಹಿಡಿದು ಅಳೆದು, ಗಂಟು ಹಾಕಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಿ, ಎಂಟು ಅಂಗಡಿ ಸುತ್ತಿ ತಂದದ್ದು. ಟೆರಿಯೊ ನಿಂತಲ್ಲೇ ನಿಂತ. ಹಿಂದಿದ್ದ ಇಸ್ಕೊ ಬಂದು ಬೆನ್ನಿಗೆ ಡಿಕ್ಕಿ ಹೊಡೆದ.

ಚಪ್ಪಲಿ ಕೈ ಬಿಟ್ಟದ್ದು ಮಂಗಳವಾರ. ಹೊಟ್ಟೆ ಕೈ ತಪ್ಪಿದ್ದು ಗುರುವಾರ. "ಏನಿಲ್ಲ, ಬಿಡು" ಅಂದಿದ್ದಳು. ಏನಿಲ್ಲ ಅಂದರೆ ಏನು ಅಂತ ಈ ಸೀಮೆಯಲ್ಲಿ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನ್ಸಿಂಗ್ ಮುನಿಸಿನಲ್ಲಿ ಅವನಿಗಿಂತ ಎರಡು ದಿನ ಹಿರಿಯಳು. ಹಿರಿಯಳು ರಮಿಸುವವರಿಲ್ಲದೆ ಕಾಯುತ್ತಿರುವಾಗ ಈ ಕಿರಿಯ ಬಾಲಯೇಸುವಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮೆರವಣಿಗೆ ಮುಗಿದು ಇಗರ್ಜಿಯ ಅಂಗಳದಲ್ಲಿ ಊಟದ ಮೇಜುಗಳು ಸಾಲಾಗಿದ್ದವು. ಇಡೀ ಹಂದಿ ಕೆಂಡದ ಮೇಲೆ ಸುಟ್ಟು ಚಿನ್ನದ ಬಣ್ಣಕ್ಕೆ ಬಂದಿತ್ತು. ಫಾದರ್ ಹರಕೆ ಪೂರ್ತಿಯಾಯಿತು ಅಂದದ್ದೇ ತಡ, ಇಪ್ಪತ್ತು ಕೈಗಳು ಟೆರಿಯೊನ ಬಾಯಿಯ ಹತ್ತಿರ ಬಂದವು. ಅವನು ಎಲ್ಲರನ್ನೂ ಸರಿಸಿ, ಒಂದು ತಟ್ಟೆ ಹಿಡಿದು, ಮೇಜಿನುದ್ದಕ್ಕೂ ಹುಡುಕಿ, ಹುರಿದ ಬಂಗುಸ್‌ನ ಹೊಟ್ಟೆಯನ್ನು ಎತ್ತಿಕೊಂಡು ಹೊರಟ. ಅಂಗಳದ ತುದಿಯಲ್ಲಿ, ತಮ್ಮದೇ ಅಂಗಡಿಯ ಬೆಂಚಿನ ಮೇಲೆ ಕೊನ್ಸಿಂಗ್ ಕೂತಿದ್ದಳು. ಅವಳ ಮುಂದೆ ನಿಂತ. ಊರು ದೂರದಿಂದ ನೋಡಿತು.

"ಕೊನ್ಸಿಂಗ್, ತಿನ್ನು."

"ಹಸಿವಿಲ್ಲ."

"ಒಂದೇ ತುತ್ತು."

"ಬೇಡ."

ಟೆರಿಯೊ ಕೆಸರು ಅಂತಲೂ ನೋಡದೆ ಮೊಣಕಾಲೂರಿ ಕೂತ. "ಅದು ನಿನಗೇ ಅಂತ ತಂದದ್ದು ಕಣೇ. ನಿನ್ನ ಕಾಲಿನ ಅಳತೆಗೇ. ದಾಕ್ಷಿಣ್ಯಕ್ಕೆ ಬಿದ್ದು ಕೊಟ್ಟುಬಿಟ್ಟೆ. ತಪ್ಪಾಯ್ತು, ತಿನ್ನು."

ಕೊನ್ಸಿಂಗ್ ಕೆಂಪು ಚಪ್ಪಲಿಯ ಕಾಲನ್ನು ಸ್ವಲ್ಪ ಮುಂದಕ್ಕೆ ಚಾಚಿದಳು. ಮೆಲ್ಲಗೆ ಅಂದಳು: "ನನಗೆ ಗೊತ್ತು. ದಾರ ಹಿಡಿದು ಅಳೀತಿದ್ಯಲ್ಲ, ಆಗ ನನಗೆ ಎಚ್ಚರ ಇತ್ತು. ಕಚಗುಳಿ ಆದ್ರೂ ಅಲ್ಲಾಡದೆ ಮಲಗಿದ್ದೆ. ನೀನು ಬರೋ ತನಕ ದಿನಾ ಕಾಲು ತೊಳ್ದು ಕಾಯ್ತಿದ್ದೆ."

ಟೆರಿಯೊ ಕೆಸರಿನಲ್ಲೇ ಇನ್ನಷ್ಟು ಹತ್ತಿರ ಸರಿದ. ತುತ್ತನ್ನು ಅವಳ ಬಾಯಿಗಿಟ್ಟ. ಅವಳು ಅರ್ಧ ಕಚ್ಚಿ, ಇನ್ನರ್ಧವನ್ನು ಅವನ ಬಾಯಿಗೆ ತುರುಕಿದಳು. ಮೂರು ದಿನದ ಮೇಲೆ ಒಳಗಿಳಿದ ಆ ತುಂಡಿನ ರುಚಿಯನ್ನು ಅವನು ಮುಂದೆ ಎಷ್ಟೋ ಸಲ ವರ್ಣಿಸಲು ಹೋಗಿ ಸೋತಿದ್ದಾನೆ.

ಊರಿಗೆ ಇದೆಲ್ಲ ಕೇಳಿಸಲಿಲ್ಲ, ಅವನು ಮೊಣಕಾಲೂರಿದ್ದು, ಅವಳು ಎರಡು ಸಲ ತಲೆಯಾಡಿಸಿದ್ದು ಕಂಡದ್ದಷ್ಟೇ. ಹರಕೆ ಬಿಡುವ ಮುಂಚೆ ಹೆಂಡತಿಗೆ ಮೊಣಕಾಲೂರಿ ತುತ್ತು ಕೊಡಬೇಕು, ಅವಳು ಎರಡು ಸಲ ಒಲ್ಲೆ ಅನ್ನಬೇಕು, ಇದು ಹಳೇ ಕಾಲದ ಕ್ರಮ ಇರಬೇಕು ಎಂದು ಫಾದರ್ ಅನ್ಸೆಲ್ಮೊ ಪಕ್ಕದವರಿಗೆ ವಿವರಿಸಿದರು. ಹೆಂಗಸರು ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿದರು. ಸಂಜೆಯ ಹೊತ್ತಿಗೆ ಅಂಗಳದ ಕೆಸರೆಲ್ಲ ಗಂಡಸರ ಪ್ಯಾಂಟಿಗೆ ಬಂದಿತ್ತು. ಬೆಬಾಂಗ್ ಕೊನ್ಸಿಂಗಳ ಕಾಲು ನೋಡಿ, ಇಷ್ಟು ದೊಡ್ಡ ಕೃಪೆ ಕಂಡವಳಿಗೆ ಇನ್ನು ಮಕಮಲ್ಲಿನ ಶೋಕಿ ಯಾಕೆ, ನೀನೇ ಇಟ್ಕೋ ಕುಮಾರೆ ಅಂದು ಬರಿಗಾಲಲ್ಲೇ ಮನೆಗೆ ಹೊರಟಳು. ಐದು ದಿನದಲ್ಲಿ ಮೊದಲ ಸಲ ಅವಳು ಕುಂಟದೆ ಮನೆ ಸೇರಿದಳು. ಅವಳ ವಾತ ಹೋದದ್ದನ್ನೂ ಊರು ಸಂತನ ಲೆಕ್ಕಕ್ಕೇ ಹಾಕಿತು.

ಮರುವಾರ ಗುರುವಾರ ಮಧ್ಯಾಹ್ನ, ಹನ್ನೆರಡೂಕಾಲಿಗೆ, ಕಪಿತಾನ್ ಇಸ್ಕೊ ಮತ್ತೆ ಬಾಗಿಲಿಗೆ ಬಂದ. ಬರುವ ವರ್ಷ ಚುನಾವಣೆ, ತನಗಾಗಿಯೂ ಒಂದು ಮೂರು ದಿನ ಉಪವಾಸ ಮಾಡುತ್ತೀಯಾ ಅಂತ ಕೇಳಲು ಬಂದಿದ್ದ. ಗಂಡ ಹೆಂಡತಿ ಊಟಕ್ಕೆ ಕೂತಿದ್ದರು. ಮೇಜಿನ ಕೆಳಗೆ ಕೊನ್ಸಿಂಗಳ ಕಾಲಲ್ಲಿ ಕೆಂಪು ಚಪ್ಪಲಿ, ಮನೆಯೊಳಗೂ ಬಿಚ್ಚಿರಲಿಲ್ಲ. ಮೇಜಿನ ಮೇಲೆ ಹುರಿದ ಬಂಗುಸ್, ಅದರ ಹೊಟ್ಟೆ ಸರಿಯಾಗಿ ಎರಡು ಪಾಲಾಗಿ ಎರಡು ತಟ್ಟೆಗಳಲ್ಲಿ ಬಿದ್ದಿತ್ತು.

"ಬನ್ನಿ ಕಪಿತಾನ್, ಊಟ ಮಾಡೋಣ" ಅಂದಳು ಕೊನ್ಸಿಂಗ್.

ಇಸ್ಕೊ ಒಂದು ತಟ್ಟೆ ನೋಡಿದ, ಇನ್ನೊಂದು ತಟ್ಟೆ ನೋಡಿದ, ನಡುವೆ ಉಳಿದಿದ್ದ ಬಾಲ ನೋಡಿದ.

"ಈಗಷ್ಟೇ ಆಯ್ತು" ಅಂದ.